ಹತ್ತು ಸಾವಿರ ವೋಲ್ಟಿನ ಪುಟ್ಟ ಡಬ್ಬಿ

ಊರಲ್ಲಿ ಮದುವೆ, ನಾಮಕರಣ ಅಂತ ಹೋದಾಗಲೆಲ್ಲ ನನಗೆ ಎದುರಾಗೋ ಪ್ರಶ್ನೆ ಒಂದೇ. "ಮದ್ರಾಸಲ್ಲಿ ಏನಪ್ಪಾ ಕೆಲಸ ನಿಂದು?" ಪವರ್ ಸಪ್ಲೈ ಮಾಡ್ತೀವಿ ಅಂತೀನಿ. "ಓ, ನಮ್ ಕೆಇಬಿ ಥರಾನಾ? ಅಲ್ಲೂ ದಿನಾ ಕರೆಂಟ್ ತೆಗೀತಾರಾ?" ಅಂತ ಕೇಳ್ತಾರೆ. ಮೂವತ್ತು ವರ್ಷದಿಂದ ಹೂಂ ಅಂತ ಹೇಳಿ ಎಲೆ ಮುಂದೆ ಕೂತುಬಿಡೋದು ರೂಢಿಯಾಗಿದೆ. ಈಚೆಗೆ ಇಲ್ಲೇ ಅಣ್ಣಾನಗರದಲ್ಲಿರೋ ಕನ್ನಡದ ಗೆಳೆಯರೊಬ್ಬರು, ಪಾಪ ಬ್ಯಾಂಕಿನವರು, "ಅದೇನು ಸಾರ್, ಕಣ ಹಿಡಿಯೋ ಯಂತ್ರಕ್ಕೆ ನೀವು ಡಬ್ಬಿ ಮಾಡ್ಕೊಟ್ರಂತೆ, ಒಂದು ಸಲ ಬಿಡಿಸಿ ಹೇಳಿ" ಅಂದರು. ಅವರಿಗೆ ಫಿಲ್ಟರ್ ಕಾಫಿ ಜೊತೆ ಹೇಳಿದ್ದನ್ನೇ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೀತಾ ಇದ್ದೀನಿ. ಲೆಕ್ಕ ಒಂದಿಷ್ಟು ಬರುತ್ತೆ, ಆದರೆ ಮೂರನೇ ಕ್ಲಾಸಿನ ಗುಣಾಕಾರ ಬಂದರೆ ಸಾಕು.

ನಾನು ಬಂಗಾರಪೇಟೆ ಕಡೆಯವನು. 1994ರಲ್ಲಿ ಬೃಂದಾವನ್ ಎಕ್ಸ್‌ಪ್ರೆಸ್ ಹತ್ತಿ ಇಲ್ಲಿಗೆ ಬಂದಾಗ ಈ ಊರಿನ ಹೆಸರು ಇನ್ನೂ ಮದ್ರಾಸ್. ಅಂಬತ್ತೂರ್ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಚಿಕ್ಕ ಶೆಡ್ಡು, ಏಳು ಜನ. ನಮ್ಮದು ಹೈವೋಲ್ಟೇಜ್ ಕೆಲಸ. ಹೈವೋಲ್ಟೇಜ್ ಅಂದ ಕೂಡಲೇ ಊರಾಚೆ ಬುರುಡೆ ಚಿತ್ರ ನೇತುಹಾಕಿರೋ ಕಬ್ಬಿಣದ ಟವರು ನೆನಪಾಗುತ್ತೆ. ಆದರೆ ಅದು ನಮ್ಮೆಲ್ಲರ ಮನೆಯಲ್ಲೂ ಇತ್ತು. ಸಾಲಿಡೇರ್, ಡಯನೋರಾ ಟಿವಿಗಳ ಕಾಲ ನೆನಪಿಸಿಕೊಳ್ಳಿ. ಪರದೆ ಹತ್ತಿರ ಕೈ ತಂದರೆ ರೋಮ ಎದ್ದು ನಿಲ್ತಿತ್ತಲ್ಲ, ಆ ಪಿಕ್ಚರ್ ಟ್ಯೂಬಿಗೆ ಹತ್ತು ಇಪ್ಪತ್ತು ಸಾವಿರ ವೋಲ್ಟ್ ಬೇಕಿತ್ತು. ಇವತ್ತಿಗೂ ಚೆನ್ನೈನಲ್ಲಿ ಸೊಳ್ಳೆ ಬ್ಯಾಟ್ ಇಲ್ಲದ ಮನೆ ತೋರಿಸಿ ನೋಡೋಣ. ಅದರ ಹಿಡಿಯೊಳಗಿನ ಪುಟ್ಟ ಬ್ಯಾಟರಿಯಿಂದ ಸಾವಿರಕ್ಕೂ ಮೀರಿದ ವೋಲ್ಟ್ ಹುಟ್ಟುತ್ತೆ. ಅಂದರೆ ವೋಲ್ಟ್ ಏರಿಸೋದು ದೊಡ್ಡ ವಿದ್ಯೆಯಲ್ಲ. ಏರಿಸಿದ್ದನ್ನ ಅಲುಗಾಡದ ಹಾಗೆ, ಸೋರದ ಹಾಗೆ, ಸದ್ದಿಲ್ಲದ ಹಾಗೆ ವರ್ಷಗಟ್ಟಲೆ ಹಿಡಿದಿಡೋದೇ ವಿದ್ಯೆ. ಸೊಳ್ಳೆ ಬ್ಯಾಟ್ ಚಟಪಟ ಅಂದರೆ ನಮಗೆ ಖುಷಿ. ಕಣ ಹಿಡಿಯೋ ಯಂತ್ರದ ಸಪ್ಲೈ ಚಟ್ ಅಂದರೆ ಕೆಲಸ ಕೆಟ್ಟ ಹಾಗೆ.

ಈ ಕಥೆ ಶುರುವಾಗೋದು ನಮ್ಮ ಕೋಲಾರದಲ್ಲೇ ಅನ್ನೋದು ನನಗೆ ಒಂಥರಾ ಹೆಮ್ಮೆ. ನನ್ನ ಸೋದರಮಾವ ಕೆಜಿಎಫ್ ಗಣಿಯಲ್ಲಿ ಎಲೆಕ್ಟ್ರಿಕಲ್ ಸೆಕ್ಷನ್ನಿನಲ್ಲಿದ್ದರು. "ಬಾಂಬೆಯಿಂದ ಯಾರೋ ಸೈಂಟಿಸ್ಟುಗಳು ಬಂದವ್ರೆ ಕಣೋ, ಕೆಳಗಡೆ ಕೂತ್ಕೊಂಡು ಚಿನ್ನ ಬಿಟ್ಟು ಇನ್ನೇನೋ ಹುಡುಕ್ತವ್ರೆ" ಅಂತ ನಗೋರು. ಹುಡುಕ್ತಿದ್ದವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು ಹೋಮಿ ಭಾಭಾ ಹೇಳಿದ್ದಕ್ಕೆ 1951ರಲ್ಲೇ ಉಪಕರಣ ಹೊತ್ತುಕೊಂಡು ಆ ಗಣಿಗೆ ಇಳಿದಿದ್ದರು. ಮುಂದೆ ಅವರೇ ಆ ಸಂಸ್ಥೆಯ ನಿರ್ದೇಶಕರಾದರು, 2019ರಲ್ಲಿ ತೀರಿಕೊಂಡರು. 1965ರಲ್ಲಿ ಭಾರತ, ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳ ತಂಡ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋಗಳ ಗುರುತು ಹಿಡಿದರು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಕಂಡವು. ಜಗತ್ತಿನಲ್ಲಿ ಆ ಬಗೆಯ ನ್ಯೂಟ್ರಿನೋ ಮೊದಲು ಸಿಕ್ಕಿದ್ದು ಈ ಎರಡೇ ಕಡೆ.

ನ್ಯೂಟ್ರಿನೋ ಅಂದರೆ ಯಾವುದಕ್ಕೂ ಸಿಗದೆ ನುಸುಳಿ ಹೋಗೋ ಕಣ. ಸೂರ್ಯನಿಂದ ಬರೋವನ್ನೇ ಲೆಕ್ಕ ಹಾಕಿದರೆ ನಿಮ್ಮ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು ಆರು ಸಾವಿರ ಕೋಟಿ ತೂರಿ ಹೋಗ್ತಿವೆ. ಒಂದೂ ತಾಗಲ್ಲ. ಅಪರೂಪಕ್ಕೆ ಒಂದು ತಾಗಿದ್ದನ್ನ ನೋಡಬೇಕಾದರೆ ಮೇಲಿನಿಂದ ಬೀಳೋ ಬೇರೆ ಕಣಗಳ ಗಲಾಟೆ ಇರಬಾರದು. ಅದಕ್ಕೇ ಬಂಡೆ ಕೆಳಗೆ ಹೋಗೋದು. ತೇರಿನ ದಿನ ಬೀದಿಯಲ್ಲಿ ನಿಂತು ಗುಂಡುಸೂಜಿ ಬಿದ್ದ ಸದ್ದು ಕೇಳೋಕಾಗುತ್ತಾ? ಹಾಗೆ.

ಇಲ್ಲಿ ಇನ್ನೊಂದು ಮಾತು. ಆ ಗಣಿಗೆ 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ತಂದರಲ್ಲ, ಸುಮಾರು 147 ಕಿಲೋಮೀಟರ್ ತಂತಿ, ಮೂವತ್ತು ಸಾವಿರ ವೋಲ್ಟಿನ ಮೇಲೆ. ಆ ಕಾಲಕ್ಕೆ ಪ್ರಪಂಚದ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಆ ಹೈವೋಲ್ಟೇಜಿನ ಕೆಲಸ ದೊಡ್ಡ ದೊಡ್ಡ ಮೋಟಾರು ಓಡಿಸೋದು. ನಾನು ಹೇಳಹೊರಟಿರೋ ಹೈವೋಲ್ಟೇಜಿನ ಕೆಲಸ ಒಂದು ಮೋಟಾರನ್ನೂ ಓಡಿಸೋದಲ್ಲ, ಸುಮ್ಮನೆ ನಿಂತಿರೋದು. ಎರಡೂ ಹೈವೋಲ್ಟೇಜೇ, ಸ್ವಭಾವ ಮಾತ್ರ ಹಗಲು ರಾತ್ರಿ.

ಕೆಜಿಎಫ್‌ನಲ್ಲಿ ಆಮೇಲೆ ಪ್ರೋಟಾನ್ ಕ್ಷಯ ಆಗುತ್ತಾ ಅಂತ ನೋಡೋ ಪ್ರಯೋಗವೂ ನಡೀತು. ಹತ್ತು ಸೆಂಟಿಮೀಟರ್ ಚೌಕದ ಕಬ್ಬಿಣದ ಕೊಳವೆಗಳು, ಒಳಗೆ ಅನಿಲ, ನಡುವೆ ಒಂದು ತಂತಿ, ತಂತಿಗೆ ಹೈವೋಲ್ಟೇಜು. ಅಂಥವು ಸುಮಾರು 1600. ಕೊನೆಗೆ ಚಿನ್ನ ತೆಗೆಯೋ ಖರ್ಚು ಚಿನ್ನದ ಬೆಲೆಗಿಂತ ಜಾಸ್ತಿಯಾಗಿ, ಪ್ರಯೋಗಗಳು ತೊಂಬತ್ತರ ದಶಕದಲ್ಲಿ ನಿಂತವು. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಪಂಪು ನಿಂತ ಮೇಲೆ ಆ ಸುರಂಗಗಳಲ್ಲಿ ಈಗ ನೀರು.

ಆ ಪರಂಪರೆ ಮುಂದುವರಿಸೋಣ ಅಂತಲೇ ಹುಟ್ಟಿದ್ದು ಭಾರತದ ನ್ಯೂಟ್ರಿನೋ ವೀಕ್ಷಣಾಲಯದ ಯೋಜನೆ. ಎಲ್ಲರೂ ಐಎನ್‌ಓ ಅಂತಾರೆ. ಜಾಗ ತಮಿಳುನಾಡಿನ ತೇನಿ ಜಿಲ್ಲೆಯ ಬೋಡಿ ಪಶ್ಚಿಮ ಬೆಟ್ಟ, ಪೊಟ್ಟಿಪುರಂ ಹತ್ತಿರ. ಬೆಟ್ಟದ ಒಳಗೆ ಸುಮಾರು ಎರಡು ಕಿಲೋಮೀಟರ್ ಸುರಂಗ, ಅದರ ಕೊನೆಯಲ್ಲಿ 50 ಸಾವಿರ ಟನ್ ಕಬ್ಬಿಣದ ಅಯಸ್ಕಾಂತ. 56 ಮಿಲಿಮೀಟರ್ ದಪ್ಪದ ಕಬ್ಬಿಣದ ಹಾಳೆಗಳನ್ನ ದೋಸೆ ಪೇರಿಸಿದ ಹಾಗೆ 151 ಪದರ ಪೇರಿಸೋದು. ಎರಡು ಪದರದ ಮಧ್ಯೆ 40 ಮಿಲಿಮೀಟರ್ ಸಂದು. ಆ ಸಂದಿನಲ್ಲಿ ಎರಡು ಮೀಟರ್ ಚೌಕದ ಗಾಜಿನ ಡಿಟೆಕ್ಟರುಗಳು, ಒಟ್ಟು ಸುಮಾರು 28,800. ನಮ್ಮ ಡಬ್ಬಿಯ ಕಥೆ ಈ ಸಂದಿನದು.

ಗಾಜಿನ ಡಿಟೆಕ್ಟರ್ ಅಂದರೆ ಏನು? ಇಟಲಿಯ ಸಾಂಟೋನಿಕೊ ಮತ್ತು ಕಾರ್ಡರೆಲ್ಲಿ 1981ರಲ್ಲಿ ಜಗತ್ತಿಗೆ ತೋರಿಸಿದ ಉಪಾಯದ ಗಾಜಿನ ರೂಪ. ಮೂರು ಮಿಲಿಮೀಟರ್ ದಪ್ಪದ ಎರಡು ಗಾಜು, ಮಧ್ಯೆ ಎರಡು ಮಿಲಿಮೀಟರ್ ಜಾಗ, ಅದರಲ್ಲಿ ಅನಿಲ. ಗಾಜಿನ ಹೊರಮೈಗೆ ಗ್ರಾಫೈಟ್ ಬಳಿದು ಒಂದು ಕಡೆ ಪ್ಲಸ್ 5 ಸಾವಿರ, ಇನ್ನೊಂದು ಕಡೆ ಮೈನಸ್ 5 ಸಾವಿರ ವೋಲ್ಟ್ ಕೊಡ್ತಾರೆ. ಮಧ್ಯೆ ಹತ್ತು ಸಾವಿರ ವೋಲ್ಟ್. ಎರಡು ಮಿಲಿಮೀಟರಿಗೆ ಹತ್ತು ಸಾವಿರ ಅಂದರೆ ಸೆಂಟಿಮೀಟರಿಗೆ 50 ಸಾವಿರ. ಮಾಮೂಲಿ ಗಾಳಿ ಮೂವತ್ತು ಸಾವಿರದ ಹತ್ತಿರಕ್ಕೇ ಸಿಡಿದುಬಿಡುತ್ತೆ. ಅದಕ್ಕೇ ಅಲ್ಲಿ ಗಾಳಿ ಬದಲು ಕಾರಿನ ಏಸಿಗೆ ತುಂಬೋ ಆರ್-134ಎ ಅನಿಲ ನೂರಕ್ಕೆ 95 ಪಾಲು, ಜೊತೆಗೆ ಸ್ವಲ್ಪ ಐಸೋಬ್ಯೂಟೇನು, ಚಿಟಿಕೆಯಷ್ಟು ಸಲ್ಫರ್ ಹೆಕ್ಸಾಫ್ಲೋರೈಡು. ಒಂದು ಕಣ ಆ ಸಂದಿನಲ್ಲಿ ತೂರಿದರೆ ಅನಿಲದಿಂದ ಒಂದೆರಡು ಎಲೆಕ್ಟ್ರಾನ್ ಕಿತ್ತು ಹೋಗುತ್ತೆ. ಹತ್ತು ಸಾವಿರ ವೋಲ್ಟಿನ ಎಳೆತಕ್ಕೆ ಆ ಎಲೆಕ್ಟ್ರಾನ್ ಓಡ್ತಾ ಇನ್ನಷ್ಟನ್ನ ಕೀಳುತ್ತೆ, ಅವು ಮತ್ತಷ್ಟನ್ನ... ಹೀಗೆ ಗುಡ್ಡದಿಂದ ಕಲ್ಲು ಉರುಳಿದ ಹಾಗೆ. ಹೊರಗಿನ ತಾಮ್ರದ ಪಟ್ಟಿಯಲ್ಲಿ ಕೆಲವೇ ಮಿಲಿವೋಲ್ಟಿನ ಒಂದು ಮಿಡಿತ ಮೂಡುತ್ತೆ. ಹತ್ತು ಸಾವಿರ ವೋಲ್ಟಿನ ಪಕ್ಕದಲ್ಲಿ ಕೂತು ಕೆಲವು ಮಿಲಿವೋಲ್ಟಿನ ಪಿಸುಮಾತು ಕೇಳಿಸ್ಕೋಬೇಕು, ಗೊತ್ತಾಯ್ತಲ್ಲ ಕಷ್ಟ?

ಈಗ ಪ್ರಶ್ನೆ, ಈ ವೋಲ್ಟನ್ನ 28,800 ಗಾಜಿಗೆ ಹೇಗೆ ಮುಟ್ಟಿಸೋದು? ಹಳೇ ಪದ್ಧತಿಯಲ್ಲಿ ಹೊರಗೊಂದು ದೊಡ್ಡ ರ‍್ಯಾಕಿಟ್ಟು, ಅಲ್ಲಿಂದ ದಪ್ಪ ದಪ್ಪ ಹೈವೋಲ್ಟೇಜ್ ಕೇಬಲ್ ಎಳೀತಾರೆ. ಪ್ರತಿ ಗಾಜಿಗೆ ಎರಡರಂತೆ ಐವತ್ತೇಳು ಸಾವಿರ ಕೇಬಲ್ಲು! ಅದಕ್ಕೆ ಐಎನ್‌ಓದವರ ಯೋಚನೆ ಬೇರೆ. ಒಳಗೆ ಹೋಗೋದು ಕಡಿಮೆ ವೋಲ್ಟಿನ ಮಾಮೂಲಿ ತಂತಿ, ಡಿಟೆಕ್ಟರಿನ ಟ್ರೇ ಮೂಲೆಯಲ್ಲೇ ಒಂದು ಪುಟ್ಟ ಡಬ್ಬಿ ಕೂತು ಅಲ್ಲೇ ಪ್ಲಸ್ಸು ಮೈನಸ್ಸು ಹೈವೋಲ್ಟೇಜ್ ಮಾಡಿ ಕೊಡೋದು. ಅಡುಗೆ ಎಲ್ಲ ಛತ್ರದಲ್ಲಿ ಮಾಡಿ ಮನೆಮನೆಗೆ ಹೊತ್ತು ಹಾಕೋ ಬದಲು ಮನೆಗೊಂದು ಒಲೆ ಕೊಟ್ಟ ಹಾಗೆ. ಇಂಥ ಡಬ್ಬಿಯ ವಿನ್ಯಾಸದ ಕೆಲಸ ಭಾಭಾ ಅಣು ಸಂಶೋಧನಾ ಕೇಂದ್ರದ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ನಡೀತು. ಜಗತ್ತಿನ ಬೇರೆ ಕಡೆಯೂ ಇದೇ ದಾರಿ. ಮೆಡಿಟರೇನಿಯನ್ ಸಮುದ್ರದ ತಳದಲ್ಲಿ ಇಳಿಬಿಟ್ಟಿರೋ ಕೆಎಂ3ನೆಟ್ ಅನ್ನೋ ದೂರದರ್ಶಕದ ಒಂದೊಂದು ಗಾಜಿನ ಗೋಳದಲ್ಲಿ 31 ಫೋಟೋ ಟ್ಯೂಬಿವೆ, ಪ್ರತಿಯೊಂದರ ಬಾಲದಲ್ಲೂ ಅದರದೇ ಪುಟ್ಟ ಹೈವೋಲ್ಟೇಜ್ ಸರ್ಕ್ಯೂಟು.

ನಾವು ಮಾಡಿದ್ದು ದಕ್ಷಿಣದ ಒಂದು ಪ್ರಯೋಗಾಲಯ ಕೇಳಿದ ಹನ್ನೆರಡು ಪರೀಕ್ಷಾ ಡಬ್ಬಿ, ಅಷ್ಟೇ. ದೊಡ್ಡಸ್ತಿಕೆ ಏನಿಲ್ಲ. ಆದರೆ ಆ ಹನ್ನೆರಡರಲ್ಲಿ ನಾನು ಕಲಿತದ್ದು ಅದಕ್ಕೆ ಮುಂಚಿನ ಇಪ್ಪತ್ತು ವರ್ಷದಲ್ಲಿ ಕಲಿತಿರಲಿಲ್ಲ.

ಡಬ್ಬಿಯೊಳಗೆ ಏನಿರುತ್ತೆ ಅಂದರೆ, ಮೊದಲು ಡಿಸಿಯನ್ನ ಸೆಕೆಂಡಿಗೆ ಐವತ್ತು ಸಾವಿರ ಸಲ ಅತ್ತಿತ್ತ ಮಾಡೋ ಆಸಿಲೇಟರು, ಆಮೇಲೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರು. ಅದು ಹನ್ನೆರಡು ವೋಲ್ಟನ್ನ ಕೆಲವು ನೂರಕ್ಕೆ ಏರಿಸುತ್ತೆ. ಅಲ್ಲಿಂದ ಮುಂದೆ ಡಯೋಡು, ಕೆಪಾಸಿಟರುಗಳ ಏಣಿ. ಸ್ವಿಸ್ ವಿಜ್ಞಾನಿ ಗ್ರೈನಾಕರ್ 1920ರ ಸುಮಾರಿಗೆ ಕಂಡುಕೊಂಡ ಏಣಿ ಇದು. 1932ರಲ್ಲಿ ಕೇಂಬ್ರಿಡ್ಜಿನಲ್ಲಿ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಇದೇ ಏಣಿಯನ್ನ ಒಂದು ಕೋಣೆ ತುಂಬ ಕಟ್ಟಿ ಲೀಥಿಯಂ ಪರಮಾಣುವಿನ ಬೀಜ ಒಡೆದರು, 1951ರಲ್ಲಿ ನೊಬೆಲ್ ಪಡೆದರು. ಹೆಸರು ಅವರದೇ ನಿಂತುಬಿಟ್ಟಿದೆ.

ಈ ಏಣಿ ಅರ್ಥವಾಗಬೇಕಾದರೆ ಏತ ನೋಡಿರಬೇಕು. ಕೋಲಾರದ ಹಳಬರಿಗೆ ಗೊತ್ತು. ತಮಿಳರೂ ಅದನ್ನ ಏಟ್ರಂ ಅಂತಲೇ ಕರೀತಾರೆ. ಆಳದ ನೀರನ್ನ ಒಂದೇ ಸಲಕ್ಕೆ ಎತ್ತಲಾಗದಿದ್ದರೆ ಮೆಟ್ಟಿಲಿಗೊಂದು ಗುಂಡಿ ಮಾಡಿ, ಒಂದರಿಂದ ಇನ್ನೊಂದಕ್ಕೆ ಎತ್ತಿ ಹಾಕ್ತಾ ಹೋಗೋದು. ಕೆಪಾಸಿಟರೇ ಗುಂಡಿ. ಡಯೋಡು ನೀರು ವಾಪಸ್ಸು ಬೀಳದ ಹಾಗೆ ತಡೆಯೋ ಬಾಗಿಲು. ಹತ್ತು ಮೆಟ್ಟಿಲಿದ್ದರೆ ಕೆಳಗಿನ ಎತ್ತರದ ಇಪ್ಪತ್ತು ಪಟ್ಟು ಮೇಲೆ ಸಿಗುತ್ತೆ. ಆದರೆ ಮೇಲಿನ ಗುಂಡಿಯಿಂದ ಯಾರಾದರೂ ಜಾಸ್ತಿ ನೀರು ಬಗ್ಗಿದರೆ ಕೆಳಗಿನ ಎಲ್ಲ ಗುಂಡಿಗಳೂ ಒಣಗ್ತವೆ. ಲೆಕ್ಕ ಹಾಕಿದರೆ ಹೀಗೆ ಕುಸಿಯೋ ವೋಲ್ಟು ಮೆಟ್ಟಿಲಿನ ಸಂಖ್ಯೆಯ ಘನದ ಹಾಗೆ ಬೆಳೆಯುತ್ತೆ. ಮೆಟ್ಟಿಲು ಎರಡರಷ್ಟಾದರೆ ಕುಸಿತ ಹತ್ತಿರ ಹತ್ತಿರ ಎಂಟರಷ್ಟು. ಪುಣ್ಯಕ್ಕೆ ಗಾಜಿನ ಡಿಟೆಕ್ಟರ್ ಬಗ್ಗೋದು ತೀರ ಕಡಿಮೆ, ಒಂದು ಮೈಕ್ರೋ ಆಂಪಿಯರಿಗಿಂತ ಕೆಳಗೆ.

ಒಂದು ಮಜಾ ಲೆಕ್ಕ. ಹತ್ತು ಸಾವಿರ ವೋಲ್ಟ್, ಒಂದು ಮೈಕ್ರೋ ಆಂಪಿಯರ್ ಅಂತಲೇ ಇಟ್ಟುಕೊಳ್ಳಿ. ಒಂದು ಡಿಟೆಕ್ಟರಿಗೆ ವಾಟಿನ ನೂರನೇ ಒಂದು ಭಾಗ. 28,800ಕ್ಕೂ ಸೇರಿಸಿದರೆ 288 ವಾಟು. ಅಂದರೆ ಅಷ್ಟು ದೊಡ್ಡ ಯಂತ್ರದ ಅಷ್ಟೂ ಗಾಜು ತಿನ್ನೋ ಹೈವೋಲ್ಟೇಜ್ ವಿದ್ಯುತ್ತು ನಮ್ಮ ಮನೆ ಮಿಕ್ಸಿ ತಿನ್ನೋದಕ್ಕಿಂತ ಕಡಿಮೆ! ಆದರೆ ಪ್ರತಿ ಡಬ್ಬಿ ತನ್ನ ಪಾಡಿಗೆ ಒಂದೇ ಒಂದು ವಾಟು ಬಿಸಿಯಾಗಿ ಹಾಳು ಮಾಡಿದರೂ ಒಟ್ಟು 28,800 ವಾಟಿನ ಶಾಖ ಕಬ್ಬಿಣದ ಸಂದಿಗಳೊಳಗೆ. ಆ ಶಾಖ ಹೊರಹಾಕೋಕೆ ಏಸಿ ಬೇಕು. ಡಬ್ಬಿ ಚಿಕ್ಕದಾಗಿದ್ದರೆ ಸಾಲದು, ತಣ್ಣಗೂ ಇರಬೇಕು.

ಶಾಖದ ಇನ್ನೊಂದು ತಂಟೆ ಇದೆ. ಡಿಟೆಕ್ಟರಿನ ಅನಿಲ ಬಿಸಿಯಾದರೆ ವಿರಳವಾಗುತ್ತೆ, ಅದೇ ವೋಲ್ಟಿಗೆ ಜಾಸ್ತಿ ಕುಣಿಯುತ್ತೆ. ಒಂದು ಡಿಗ್ರಿಗೆ ಹತ್ತು ಸಾವಿರದಲ್ಲಿ ಸುಮಾರು 33 ವೋಲ್ಟ್ ಇಳಿಸಬೇಕು, ಆಗ ಮೊದಲಿನ ಹಾಗೇ ಇರುತ್ತೆ. ಆದ್ದರಿಂದ ಡಬ್ಬಿಗೆ ಹೊರಗಿನಿಂದ ಹೇಳಿದಷ್ಟು ಏರಿಳಿಯೋ ವಿಧೇಯತೆ ಬೇಕು. ಅದಕ್ಕೆ ತನ್ನ ವೋಲ್ಟು ಎಷ್ಟಿದೆ ಅಂತ ತಾನೇ ಅಳೆದುಕೊಳ್ಳಬೇಕು. ಒಂದು ಕಡೆಯ ಐದು ಸಾವಿರ ವೋಲ್ಟನ್ನ ಒಂದು ಗಿಗಾ ಓಮಿನ, ಅಂದರೆ ನೂರು ಕೋಟಿ ಓಮಿನ ರೆಸಿಸ್ಟರ್ ಮೂಲಕ ಅಳೆದರೆ ಹರಿಯೋದು ಐದು ಮೈಕ್ರೋ ಆಂಪಿಯರು. ತಮಾಷೆ ನೋಡಿ, ಡಿಟೆಕ್ಟರಿಗಿಂತ ಅಳೆಯೋ ಮಾಪಕವೇ ಜಾಸ್ತಿ ತಿನ್ನುತ್ತೆ.

ಕಬ್ಬಿಣದ ಅಯಸ್ಕಾಂತದ ಕಾಟ ಬೇರೆ. ಐಎನ್‌ಓ ಕಬ್ಬಿಣದಲ್ಲಿ ಒಂದೂಕಾಲು ಒಂದೂವರೆ ಟೆಸ್ಲಾ ಕ್ಷೇತ್ರ. ನಾವು ಟ್ರಾನ್ಸ್‌ಫಾರ್ಮರಿಗೆ ಬಳಸೋ ಫೆರೈಟು ಅರ್ಧ ಟೆಸ್ಲಾ ಮುಟ್ಟೋ ಮೊದಲೇ ಹೊಟ್ಟೆ ತುಂಬಿ ಕೂತುಬಿಡುತ್ತೆ. ಸಂದಿನಲ್ಲಿ ಬಂದು ಸೋರೋ ಕ್ಷೇತ್ರ ಕಡಿಮೆ ಅನ್ನೋದರಿಂದ ಇಲ್ಲಿ ನಡೆಯುತ್ತೆ. ಕ್ಷೇತ್ರ ಜೋರಾಗಿರೋ ಕಡೆ ಕೋರ್ ಇಲ್ಲದ ಸುರುಳಿ, ಇಲ್ಲವೇ ಪಿಂಗಾಣಿಯ ಪೀಜೋ ಟ್ರಾನ್ಸ್‌ಫಾರ್ಮರ್ ಬಳಸ್ತಾರೆ. ಅದು ಅಯಸ್ಕಾಂತವನ್ನೇ ನೆಚ್ಚಿಲ್ಲ, ನಡುಗಿ ನಡುಗಿ ವೋಲ್ಟ್ ಏರಿಸುತ್ತೆ.

ಇಷ್ಟೆಲ್ಲ ಪುಸ್ತಕದಲ್ಲಿ ಸಿಗುತ್ತೆ. ಪುಸ್ತಕದಲ್ಲಿ ಸಿಗದ ಎರಡು ಸಂಗತಿ ಇವೆ, ನಾನು ಬರೆಯೋಕೆ ಕೂತದ್ದೇ ಅದಕ್ಕೆ.

ಒಂದು, ಚೆನ್ನೈನ ಗಾಳಿ. ನಮ್ಮ ಡಬ್ಬಿಗಳು ಜನವರಿಯಲ್ಲಿ ಚಿನ್ನದ ಹಾಗಿದ್ದವು. ನವೆಂಬರ್ ಬಂತು, ಈಶಾನ್ಯ ಮಳೆ ಹಿಡೀತು, ಶೆಡ್ಡಿನ ಗೋಡೆ ಬೆವರೋಕೆ ಶುರು. ಡಬ್ಬಿಗೆ ಏನೂ ಜೋಡಿಸದೇ ಇದ್ದರೂ ನಾಲ್ಕೈದು ಮೈಕ್ರೋ ಆಂಪಿಯರ್ ಹರೀತಾ ಇದೆ ಅಂತ ಮೀಟರ್ ಹೇಳ್ತು. ಬೋರ್ಡಿನ ಮೇಲಿನ ತೇವದ ಪೊರೆ, ಸೋಲ್ಡರಿಂಗಿನ ಫ್ಲಕ್ಸಿನ ಜಿಡ್ಡು ಸೇರಿಕೊಂಡು ಕಳ್ಳದಾರಿ ಮಾಡಿದ್ದವು. ಡಿಟೆಕ್ಟರಿನ ನಿಜವಾದ ಕರೆಂಟಿನ ಹತ್ತಾರು ಪಟ್ಟು ಕಳ್ಳ ಕರೆಂಟು. ಇದು ಬರೀ ನಷ್ಟದ ಪ್ರಶ್ನೆ ಅಲ್ಲ. ಆ ಕರೆಂಟೇ ಗಾಜಿನ ಆರೋಗ್ಯದ ನಾಡಿ. ಗಾಜು ಕೆಡ್ತಾ ಬಂದರೆ ಕರೆಂಟ್ ನಿಧಾನವಾಗಿ ಏರುತ್ತೆ. ನಾಡಿ ಹಿಡಿಯೋ ಕೈಯೇ ನಡುಗಿದರೆ ಜ್ವರ ಹೇಗೆ ಗೊತ್ತಾಗಬೇಕು? ಪರಿಹಾರ ಸರಳ, ಆದರೆ ಬೇಸರದ್ದು. ಹೈವೋಲ್ಟೇಜ್ ಕಾಲುಗಳ ಮಧ್ಯೆ ಬೋರ್ಡನ್ನೇ ಸೀಳಿ ಗಾಳಿಯ ಕಂದಕ ಮಾಡೋದು, ಸ್ಪಿರಿಟ್ಟಿನಲ್ಲಿ ಉಜ್ಜಿ ಉಜ್ಜಿ ತೊಳೆಯೋದು, ಒಲೆಯಲ್ಲಿ ಒಣಗಿಸಿ ಬಿಸಿ ಆರೋ ಮೊದಲೇ ಎಪಾಕ್ಸಿ ಸುರಿದು ಮುಚ್ಚೋದು. ನಮ್ಮ ಅಜ್ಜಿ ಉಪ್ಪಿನಕಾಯಿ ಜಾಡಿಗೆ ಮಾಡ್ತಿದ್ದ ಮಡಿಯೇ ಇದು.

ಎರಡನೆಯದು ಗುಳ್ಳೆ. ಎಪಾಕ್ಸಿ ಸುರಿಯುವಾಗ ಒಳಗೆ ಸಾಸಿವೆ ಕಾಳಿನಷ್ಟು ಗಾಳಿಗುಳ್ಳೆ ಉಳಿದರೂ ಹೈವೋಲ್ಟೇಜಿನ ಎಳೆತವೆಲ್ಲ ಆ ಗುಳ್ಳೆಯಲ್ಲೇ ಜಾಸ್ತಿ ಕೂಡುತ್ತೆ, ಗಾಳಿಯೋ ಎಪಾಕ್ಸಿಗಿಂತ ದುರ್ಬಲ. ಒಳಗೇ ಕಣ್ಣಿಗೆ ಕಾಣದ ಕಿಡಿ ಹಾರುತ್ತೆ. ಪ್ರತಿ ಕಿಡಿಯೂ ಎಪಾಕ್ಸಿಯನ್ನ ಒಂಚೂರು ತಿನ್ನುತ್ತೆ, ಗೆದ್ದಲಿನ ಹಾಗೆ. ತಿಂಗಳುಗಳ ಮೇಲೆ ಒಂದು ದಿನ ಡಬ್ಬಿ ಸತ್ತಿರುತ್ತೆ. ಸಾಯೋದಕ್ಕಿಂತ ಕೆಟ್ಟದ್ದು ಅದಕ್ಕೆ ಮುಂಚೆ ಆಗೋದು. ಆ ಪುಟ್ಟ ಕಿಡಿಯ ಮಿಡಿತ ತಂತಿ ಹಿಡಿದು ಡಿಟೆಕ್ಟರಿಗೆ ಹೋದರೆ ಅದರ ಕಣ್ಣಿಗೆ ಅದೂ ಒಂದು ಕಣವೇ! ಬೆಟ್ಟದ ಕೆಳಗೆ ವರ್ಷಗಟ್ಟಲೆ ಕಾದು ಕೂತು ಕೊನೆಗೆ ಎಣಿಸಿದ್ದು ಅಂಬತ್ತೂರಿನ ಗಾಳಿಗುಳ್ಳೆ ಆಗಬಾರದಲ್ಲ. ಅದಕ್ಕೇ ನಾನು ಹೇಳಿದ್ದು, ಈ ಸಪ್ಲೈ ಮಾಡಬೇಕಾದ ಮುಖ್ಯ ಕೆಲಸ ಸುಮ್ಮನಿರೋದು ಅಂತ.

ಗುಳ್ಳೆ ಇಲ್ಲದ ಹಾಗೆ ಸುರಿಯೋದು ನನಗೆ ಬರಲ್ಲ. ಅದು ಬರ್ತಿದ್ದದ್ದು ನಮ್ಮ ವೈಂಡಿಂಗ್ ಅಕ್ಕನಿಗೆ. ಆವಡಿಯಿಂದ ಬಸ್ಸಲ್ಲಿ ಬರ್ತಿದ್ದ, ಎಂಟನೇ ಕ್ಲಾಸು ಓದಿದ್ದ ಹೆಂಗಸು. ನಾನು ಅಕ್ಕಾ ಅಂತಿದ್ದೆ, ಅವರು ಸಾರ್ ಅನ್ನೋರು. ತಲೆಗೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನ ಅವರು ಬಾಬಿನ್ನಿನಲ್ಲಿ ಕಂಪಾರ್ಟ್‌ಮೆಂಟ್ ಕಂಪಾರ್ಟ್‌ಮೆಂಟಾಗಿ ಸುತ್ತೋರು, ಒಂದರ ಪಕ್ಕ ಒಂದು ಬರೋ ಸುತ್ತುಗಳ ನಡುವೆ ವೋಲ್ಟಿನ ವ್ಯತ್ಯಾಸ ಜಾಸ್ತಿ ಆಗದ ಹಾಗೆ. ಎಪಾಕ್ಸಿಯನ್ನ ಬೆಚ್ಚಗೆ ಮಾಡಿ, ವ್ಯಾಕ್ಯೂಮಿನಲ್ಲಿಟ್ಟು ನೊರೆ ಉಕ್ಕಿ ಇಳಿಯೋವರೆಗೆ ಕಾದು, ಡಬ್ಬಿಯ ಒಂದೇ ಮೂಲೆಯಿಂದ ಎಳೆಯಾಗಿ ಬಿಡೋರು. ಅದು ಕೆಳಗಿನಿಂದ ಏರ್ತಾ ಗಾಳಿಯನ್ನ ತಾನೇ ಮೇಲಕ್ಕೆ ನೂಕಬೇಕು. ಒಂದು ಸಲ ಎಲ್ಲ ಸರಿಯಿದೆ ಅಂತ ನಾನು ಮುಚ್ಚಳ ಹಾಕೋಕೆ ಹೋದರೆ ಅಕ್ಕ ಡಬ್ಬಿ ಎತ್ತಿ ಬೆರಳಲ್ಲಿ ಎರಡು ಸಲ ತಟ್ಟಿ, "ಕಾತ್ತು ಇರುಕ್ಕು ಸಾರ್" ಅಂದರು. ಗಾಳಿ ಇದೆ ಅಂತ. ಸಂಜೆ ವೋಲ್ಟ್ ಏರಿಸಿ, ಕತ್ತಲೆ ಮಾಡಿ, ಆಸಿಲೋಸ್ಕೋಪ್ ಹಚ್ಚಿ ನೋಡಿದರೆ ನಾಲ್ಕು ಸಾವಿರ ದಾಟಿದ ಮೇಲೆ ಸಣ್ಣ ಸಣ್ಣ ಮುಳ್ಳು. ಇತ್ತು ಗಾಳಿ. ಲಕ್ಷ ರೂಪಾಯಿಯ ಸ್ಕೋಪು ಸಂಜೆ ಹೇಳಿದ್ದನ್ನ ಅಕ್ಕನ ಬೆರಳು ಬೆಳಿಗ್ಗೆಯೇ ಹೇಳಿತ್ತು.

ಹನ್ನೆರಡು ಡಬ್ಬಿ ಹೋದವು, ಚೆನ್ನಾಗಿವೆ ಅಂತ ಉತ್ತರವೂ ಬಂತು. ದೊಡ್ಡ ಆರ್ಡರ್ ಮಾತ್ರ ಬರಲಿಲ್ಲ. ಬರೋಕೆ ದಾರಿಯೂ ಇರಲಿಲ್ಲ ಅನ್ನಿ. 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಐಎನ್‌ಓಗೆ ಒಪ್ಪಿಗೆ ಕೊಟ್ಟಿತ್ತು, ಸುಮಾರು ಒಂದೂವರೆ ಸಾವಿರ ಕೋಟಿ ರೂಪಾಯಿಯ ಯೋಜನೆ. ಬೆಟ್ಟದ ಕೆಳಗಿನ ಊರವರು, ಪರಿಸರದವರು ವಿರೋಧಿಸಿದರು. 2017ರಲ್ಲಿ ಹಸಿರು ನ್ಯಾಯಮಂಡಳಿ ಪರಿಸರ ಅನುಮತಿಯನ್ನ ತಡೆಹಿಡೀತು, 2018ರಲ್ಲಿ ಕೇಂದ್ರ ಮತ್ತೆ ಕೊಟ್ಟಿತು, 2022ರಲ್ಲಿ ತಮಿಳುನಾಡು ಸರ್ಕಾರ ಹುಲಿಗಳು ಓಡಾಡೋ ದಾರಿ, ಪಶ್ಚಿಮ ಘಟ್ಟ ಅಂತ ಕಾರಣ ಕೊಟ್ಟು ಇಲ್ಲಿ ಬೇಡ ಅಂತ ಸುಪ್ರೀಂ ಕೋರ್ಟಿಗೆ ಹೇಳಿತು. ಸುರಂಗ ಇನ್ನೂ ಕೊರೆದಿಲ್ಲ.

ತೇನಿಯ ಜನರ ಭಯವನ್ನ ಅಜ್ಞಾನ ಅಂತ ತಳ್ಳಿಹಾಕೋರನ್ನ ನಾನು ಕಂಡಿದ್ದೀನಿ. ನನ್ನ ಕೈಲಿ ಅದಾಗಲ್ಲ. ನ್ಯೂಟ್ರಿನೋ ಯಾರಿಗೂ ಏನೂ ಮಾಡಲ್ಲ, ಅದು ನಿಜ. ಆದರೆ ಅವರು ಕೇಳಿದ್ದು ಬಂಡೆ ಸಿಡಿಸಿದರೆ ನಮ್ಮ ನೀರೇನಾಗುತ್ತೆ, ಕಾಡೇನಾಗುತ್ತೆ ಅಂತ. ಕೋಲಾರದವನಿಗೆ ನೀರಿನ ಭಯವನ್ನ ಯಾರೂ ಕಲಿಸಬೇಕಿಲ್ಲ. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಕೆಜಿಎಫ್‌ನ ಸೈನೈಡ್ ದಿಬ್ಬದ ಧೂಳು ಗಾಳಿ ಬಂದಾಗ ಮನೆಗಳಿಗೆ ಬಂದು ಬೀಳುತ್ತೆ. ನೆಲ ಅಗೆಯೋರು ಹೋದ ಮೇಲೆ ಉಳಿಯೋರು ಯಾರು ಅನ್ನೋದು ಅಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಹಾಗಂತ ಇದು ಆಗಲಿಲ್ಲ ಅನ್ನೋ ಸಂಕಟವೂ ಸುಳ್ಳಲ್ಲ. ಎರಡೂ ನನ್ನೊಳಗೆ ಪ್ಲಸ್ಸು ಮೈನಸ್ಸಿನ ಹಾಗೆ ಹಾಗೇ ಇವೆ. ಈ ಮಧ್ಯೆ 2025ರ ಆಗಸ್ಟಿನಲ್ಲಿ ಚೀನಾದ ಜೂನೋ ಪ್ರಯೋಗ ಶುರುವಾಯ್ತು. ನ್ಯೂಟ್ರಿನೋಗಳಲ್ಲಿ ಯಾವುದು ಹಗುರ, ಯಾವುದು ಭಾರ ಅನ್ನೋ ಸಾಲು, ಐಎನ್‌ಓ ಬಿಡಿಸಬೇಕು ಅಂದುಕೊಂಡಿದ್ದ ಅದೇ ಒಗಟನ್ನ ಅವರು ಬೇರೆ ದಾರಿಯಿಂದ ಬಿಡಿಸ್ತಾ ಇದ್ದಾರೆ.

ಪೂರ್ತಿ ಖಾಲಿ ಕೈಯೇನಲ್ಲ. ಮದುರೈನಲ್ಲಿ 2018ರಿಂದ 85 ಟನ್ನಿನ ಪುಟ್ಟ ಮಾದರಿ ಇದೆ, ಹನ್ನೊಂದು ಪದರ ಕಬ್ಬಿಣ, ಇಪ್ಪತ್ತು ಗಾಜಿನ ಡಿಟೆಕ್ಟರು. ನೆಲದ ಮೇಲೇ ಇರೋದರಿಂದ ಅದು ನೋಡೋದು ಆಕಾಶದಿಂದ ಬೀಳೋ ಮ್ಯುಯಾನುಗಳನ್ನ. ಊಟಿಯಲ್ಲಿ ಗ್ರೇಪ್ಸ್-3 ಪ್ರಯೋಗದ 3,712 ಕಬ್ಬಿಣದ ಕೊಳವೆಗಳಿವೆ, ಕೆಜಿಎಫ್‌ನವುಗಳ ಹಾಗೇ ಹತ್ತು ಸೆಂಟಿಮೀಟರ್ ಚೌಕದವು. 2014ರ ಡಿಸೆಂಬರಿನ ಒಂದು ಗುಡುಗು ಮಳೆಯಲ್ಲಿ ಮ್ಯುಯಾನುಗಳು ಎಷ್ಟು ಕಡಿಮೆಯಾದವು ಅಂತ ಎಣಿಸಿ ಆ ಮೋಡದೊಳಗೆ 130 ಕೋಟಿ ವೋಲ್ಟ್ ಇತ್ತು ಅಂತ ಅವರು 2019ರಲ್ಲಿ ಪ್ರಕಟಿಸಿದರು. ಕೆಲವು ಸಾವಿರ ವೋಲ್ಟ್ ಸದ್ದಿಲ್ಲದೆ ನಿಂತಿದ್ದಕ್ಕೇ 130 ಕೋಟಿ ವೋಲ್ಟನ್ನ ಅಳೆಯೋಕಾಯ್ತು, ಇದನ್ನ ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳ್ತೀನಿ. ಹೈವೋಲ್ಟೇಜೇ ಬೇಡದ ಕಾಲವೂ ಬರ್ತಿದೆ ಅನ್ನೋರಿದ್ದಾರೆ. ಸಿಲಿಕಾನಿನ ಹೊಸ ಫೋಟೋ ಸೆನ್ಸರುಗಳಿಗೆ ಐವತ್ತು ಅರವತ್ತು ವೋಲ್ಟ್ ಸಾಕು. ಆದರೆ ಮೈದಾನದಷ್ಟು ಜಾಗಕ್ಕೆ ಅಗ್ಗವಾಗಿ ಹಾಸಬೇಕಾದರೆ ಅನಿಲ, ಗಾಜು, ಸಾವಿರಾರು ವೋಲ್ಟು ಇನ್ನೂ ಬೇಕೇ ಬೇಕು.

ಅಕ್ಕ ಎರಡು ವರ್ಷದ ಕೆಳಗೆ ಕೆಲಸ ಬಿಟ್ಟರು, ಕಣ್ಣು ಮಂಜಾಗಿತ್ತು. ದೊಡ್ಡ ಆರ್ಡರ್ ಬಂದಿದ್ದರೆ ಅವರ ಕೈಕೆಳಗೆ ಹತ್ತು ಹುಡುಗಿಯರು ಕಲೀತಿದ್ದರು. ಸರ್ಕ್ಯೂಟು ಎಲ್ಲೂ ಹೋಗಲ್ಲ, ಕಾಗದದಲ್ಲಿದೆ, ಇನ್ನೂರು ವರ್ಷ ಬಿಟ್ಟು ಬೇಕಾದರೂ ಮಾಡಬಹುದು. ಕೈ ಹಾಗಲ್ಲ. ಕೆಜಿಎಫ್‌ನಲ್ಲಿ ಆ ಬಿಸಿಯಲ್ಲಿ, ಆ ತೇವದಲ್ಲಿ ಹೈವೋಲ್ಟೇಜ್ ಹಿಡಿದಿಟ್ಟ ಟೆಕ್ನಿಷಿಯನ್ನರೂ ಏನೇನೋ ಕಂಡುಕೊಂಡಿರಲೇಬೇಕು. ಅದರಲ್ಲಿ ಎಷ್ಟು ಯಾರ ಕೈಗೆ ಬಂತೋ!

ಈಗ ಶೆಡ್ಡಿಗೆ ಒಬ್ಬ ಪಾಲಿಟೆಕ್ನಿಕ್ ಹುಡುಗ ಬಂದಿದ್ದಾನೆ, ತಿರುತ್ತಣಿಯವನು. ಜಾಣ, ಸಿಮ್ಯುಲೇಷನ್ ಎಲ್ಲ ಲ್ಯಾಪ್‌ಟಾಪಿನಲ್ಲೇ ಮಾಡಿ ತೋರಿಸ್ತಾನೆ. ತಿಂಗಳಿಗೊಂದು ಶನಿವಾರ ಅವನನ್ನ ಆವಡಿಗೆ ಅಕ್ಕನ ಮನೆಗೆ ಕಳಿಸ್ತೀನಿ, ಹೊಸದಾಗಿ ಸುರಿದ ನಾಲ್ಕೈದು ಡಬ್ಬಿ ಚೀಲದಲ್ಲಿ ಹಾಕಿ. ಅಕ್ಕ ತಟ್ಟಿ ನೋಡಿ ಎರಡು ಗುಂಪು ಮಾಡಿ ಕೊಡ್ತಾರಂತೆ. ಸೋಮವಾರ ನಾವು ಸ್ಕೋಪಿಗೆ ಹಚ್ಚಿ ನೋಡ್ತೀವಿ. ಹೋದ ತಿಂಗಳು ಅವನು ತಾನೇ ಮೊದಲು ತಟ್ಟಿ ಒಂದನ್ನ ಬೇರೆ ಇಟ್ಟನಂತೆ. ಅಕ್ಕನೂ ಅದನ್ನೇ ಬೇರೆ ಇಟ್ಟರಂತೆ.